ಮತದಾನಕ್ಕೆ ದೈವಕೃಪೆಯ ಪರೀಕ್ಷೆ

ಸಂಪಾದಕರಿಗೆ,

ಇಂಗ್ಲೆಂಡಿನ ಚರ್ಚನ್ನು ಇನ್ನಷ್ಟು ಶುದ್ಧಗೊಳಿಸಬೇಕೆಂದ ಪ್ರಾಟೆಸ್ಟಂಟ್ ಕ್ರೈಸ್ತರಾದ ಪ್ಯೂರಿಟನ್ನರು ಧಾರ್ಮಿಕ ಸ್ವಾತಂತ್ರ್ಯವನ್ನು ಸ್ಥಾಪಿಸಲು ಅಮೆರಿಕಕ್ಕೆ ಹೋದರು ಎಂಬ ಮಾತು ನಮ್ಮ ಪತ್ರಿಕೆಗಳಲ್ಲೂ ಆಗಾಗ ಬರುತ್ತದೆ. ಅದು ಅರ್ಧಸತ್ಯ. 1630ರಲ್ಲಿ ಜಾನ್ ವಿಂತ್ರಾಪ್ ನೇತೃತ್ವದಲ್ಲಿ ಮ್ಯಾಸಚೂಸೆಟ್ಸ್ ಕೊಲ್ಲಿಗೆ ಬಂದವರಿಗೆ ಬೇಕಿದ್ದದ್ದು ತಮ್ಮ ಪದ್ಧತಿಯಂತೆ ಆರಾಧಿಸುವ ಅವಕಾಶ. ಬೇರೆಯವರಿಗೂ ಅದು ಸಿಗಬೇಕೆಂದು ಅವರು ಎಂದೂ ಒಪ್ಪಿರಲಿಲ್ಲ.

ಹಾಗೆಂದು ಅದನ್ನು ಪಾದ್ರಿಗಳ ಆಳ್ವಿಕೆ ಎನ್ನುವುದೂ ಸರಿಯಲ್ಲ. ಪಾದ್ರಿಗಳು ಸರ್ಕಾರಿ ಅಧಿಕಾರ ಹಿಡಿಯುತ್ತಿರಲಿಲ್ಲ; ಮದುವೆ ಕೂಡ ಮ್ಯಾಜಿಸ್ಟ್ರೇಟರ ಮುಂದೆ ನಡೆಯುತ್ತಿತ್ತು. 50 ಕುಟುಂಬಗಳಿರುವ ಪ್ರತಿ ಊರೂ ಓದು ಬರಹ ಕಲಿಸಲು ಶಿಕ್ಷಕರನ್ನು ನೇಮಿಸಬೇಕೆಂದು 1647ರಲ್ಲೇ ಕಾನೂನು ಮಾಡಿದವರು ಅವರು. ಕೇಡು ಹುಟ್ಟಿದ್ದು 1631ರ ಒಂದು ತೀರ್ಮಾನದಲ್ಲಿ. ವಸಾಹತಿನ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಚರ್ಚಿನ ಸದಸ್ಯರಾದ ಗಂಡಸರಿಗೆ ಮಾತ್ರ ಎಂದಾಯಿತು. ಕೆಲವೇ ವರ್ಷಗಳಲ್ಲಿ ಆ ಸದಸ್ಯತ್ವಕ್ಕೆ ಇನ್ನೂ ಕಠಿಣವಾದ ಷರತ್ತು ಸೇರಿತು: ದೇವರ ಕೃಪೆ ತನ್ನೊಳಗೆ ಕೆಲಸ ಮಾಡಿದ ಬಗೆಯನ್ನು ಅರ್ಜಿದಾರ ವಿವರಿಸಬೇಕು, ಅದು ನಿಜವೋ ಅಲ್ಲವೋ ಎಂದು ಸಭೆ ತೀರ್ಮಾನಿಸಬೇಕು. ಇನ್ನೊಬ್ಬರ ಅಂತರಂಗವನ್ನು ಅಳೆಯುವ ಕೆಲಸ ಹೀಗೆ ರಾಜ್ಯಾಡಳಿತದ ಭಾಗವಾಯಿತು. ಸದಸ್ಯರಲ್ಲದವರು ಆರಾಧನೆಗೆ ಬರಲೇಬೇಕಿತ್ತು, ಪಾದ್ರಿಯ ಸಂಬಳಕ್ಕೆ ಹಣವನ್ನೂ ಕೊಡಬೇಕಿತ್ತು. ಮತ ಮಾತ್ರ ಇಲ್ಲ.

ಈ ಅಳತೆಗೋಲನ್ನು ಬಾಸ್ಟನ್ ಚರ್ಚಿನ ಸದಸ್ಯೆ ಆನ್ ಹಚಿನ್ಸನ್ ಪಾದ್ರಿಗಳತ್ತಲೇ ತಿರುಗಿಸಿದರು. ಬಹುಪಾಲು ಪಾದ್ರಿಗಳು ಮೋಕ್ಷಕ್ಕೆ ದೇವರ ಕೃಪೆಯನ್ನಲ್ಲ, ಮನುಷ್ಯನ ಸತ್ಕಾರ್ಯಗಳನ್ನು ದಾರಿಯೆಂದು ಬೋಧಿಸುತ್ತಿದ್ದಾರೆ ಎಂಬ ಅವರ ಟೀಕೆ ಚರ್ಚಿನ ತರ್ಕದೊಳಗಿನಿಂದಲೇ ಬಂದದ್ದು. 1637ರಲ್ಲಿ ಅವರಿಗೆ ಗಡೀಪಾರಿನ ಶಿಕ್ಷೆಯಾಯಿತು. ಅದಕ್ಕೂ ಮೊದಲೇ, ಮನಸ್ಸಾಕ್ಷಿಯ ಮೇಲೆ ಮ್ಯಾಜಿಸ್ಟ್ರೇಟರಿಗೆ ಅಧಿಕಾರವಿಲ್ಲ ಎಂದ ಪಾದ್ರಿ ರೋಜರ್ ವಿಲಿಯಮ್ಸ್ ಅವರನ್ನೂ ಹೊರಹಾಕಲಾಗಿತ್ತು. 1636ರಲ್ಲಿ ಈಗಿನ ರೋಡ್ ಐಲೆಂಡ್‌ನ ಪ್ರಾವಿಡೆನ್ಸ್ ಊರನ್ನು ಕಟ್ಟಿದವರು ಅವರೇ. ಗಡೀಪಾರಾದರೂ ಮರಳಿ ಬಂದ ಕ್ವೇಕರ್ ಪಂಥದ ನಾಲ್ವರನ್ನು 1659ರಿಂದ 1661ರ ನಡುವೆ ಬಾಸ್ಟನ್‌ನಲ್ಲಿ ಗಲ್ಲಿಗೇರಿಸಿದರು. ಮೇರಿ ಡಯರ್ ಅವರಲ್ಲಿ ಒಬ್ಬರು. ಇದನ್ನು ಆ ಕಾಲದ ಸಹಜ ಕ್ರೌರ್ಯ ಎಂದು ತಳ್ಳಿಹಾಕಲಾಗದು. ಪಕ್ಕದ ರೋಡ್ ಐಲೆಂಡ್ ಅದೇ ಕಾಲದಲ್ಲಿ ಕ್ವೇಕರರನ್ನು ಇರಗೊಟ್ಟಿತ್ತು.

ಕೃಪೆಯ ಪರೀಕ್ಷೆ ಪ್ಯೂರಿಟನ್ನರ ಮಕ್ಕಳಿಗೇ ಉರುಳಾಯಿತು. ಊರಿನಲ್ಲೇ ಹುಟ್ಟಿ ಬೆಳೆದ, ನಡತೆಯಲ್ಲಿ ಕುಂದಿಲ್ಲದ ಎಷ್ಟೋ ಮಂದಿಗೆ ಹೇಳಿಕೊಳ್ಳಲು ಅಂಥ ಅನುಭವವೇ ಇರಲಿಲ್ಲ. ಅವರು ಸದಸ್ಯರಾಗದಿದ್ದರೆ ಅವರ ಮಕ್ಕಳಿಗೆ ದೀಕ್ಷಾಸ್ನಾನವೂ ಇಲ್ಲ. 1662ರ ಪಾದ್ರಿಗಳ ಸಭೆ ಅರೆ ಸದಸ್ಯತ್ವದ ದಾರಿ ತೆರೆಯಿತು: ಮಕ್ಕಳಿಗೆ ದೀಕ್ಷೆ ಉಂಟು, ಹೆತ್ತವರಿಗೆ ಪ್ರಭುಭೋಜನ, ಅಂದರೆ ಯೇಸುವಿನ ನೆನಪಿನ ರೊಟ್ಟಿ, ದ್ರಾಕ್ಷಾರಸದ ವಿಧಿ, ಇಲ್ಲ. ಇದರ ಮೇಲೆ ಚರ್ಚುಗಳೇ ಒಡೆದವು.

ಮ್ಯಾಸಚೂಸೆಟ್ಸಿನ ಸೇಲಂ ಊರಿನಲ್ಲಿ 1692ರಲ್ಲಿ ನಡೆದ ಮಾಟದ ಆರೋಪದ ವಿಚಾರಣೆಯಲ್ಲಿ, ಕಣ್ಣಿಗೆ ಕಾಣದ್ದನ್ನು ತೀರ್ಮಾನಿಸಬಲ್ಲೆವೆಂಬ ಈ ವಿಶ್ವಾಸವೇ ಕೊಲೆಗಡುಕವಾಯಿತು. ಆರೋಪಿಯ ರೂಪ ತಾಳಿದ ಛಾಯೆ ತಮ್ಮನ್ನು ಹಿಂಸಿಸಿತು ಎಂಬ ಹೇಳಿಕೆಯನ್ನು ನ್ಯಾಯಾಲಯ ಸಾಕ್ಷ್ಯವೆಂದು ಸ್ವೀಕರಿಸಿತು. ತಾನು ಬೇರೆಡೆ ಇದ್ದೆ ಎಂದು ತೋರಿಸಿದರೂ ಪ್ರಯೋಜನವಿಲ್ಲ, ಏಕೆಂದರೆ ಹೋದದ್ದು ದೇಹವಲ್ಲ. ಮಾಟ ಮಾಡಿದ್ದೇನೆಂದು ಒಪ್ಪಿ, ಆ ಮಾತಿಗೆ ಅಂಟಿಕೊಂಡವರು ಬದುಕುಳಿದರು. ಸುಳ್ಳು ಹೇಳಲಾರೆವು ಎಂದವರು ಸತ್ತರು. 19 ಮಂದಿ ಗಲ್ಲಿಗೇರಿದರು. ವಿಚಾರಣೆಗೆ ಒಪ್ಪದ ಜೈಲ್ಸ್ ಕೋರಿಯನ್ನು ಮೈಮೇಲೆ ಕಲ್ಲು ಹೇರಿ ಕೊಂದರು. ಅಕ್ಟೋಬರಿನಲ್ಲಿ ಗವರ್ನರ್ ವಿಲಿಯಂ ಫಿಪ್ಸ್ ಆ ನ್ಯಾಯಾಲಯವನ್ನು ವಿಸರ್ಜಿಸಿದರು. ನ್ಯಾಯಾಧೀಶರಲ್ಲಿ ಸ್ಯಾಮ್ಯುಯೆಲ್ ಸ್ಯೂವಲ್ ಒಬ್ಬರೇ 1697ರಲ್ಲಿ ಚರ್ಚಿನಲ್ಲಿ ಎದ್ದುನಿಂತು ಬಹಿರಂಗವಾಗಿ ತಪ್ಪೊಪ್ಪಿಕೊಂಡರು.

ಮತದ ಹಕ್ಕಿಗೆ ಚರ್ಚಿನ ಬದಲು ಆಸ್ತಿಯನ್ನು ಆಧಾರ ಮಾಡಿದ್ದು 1691ರ ರಾಜಸನ್ನದು, ಅಂದರೆ ಲಂಡನ್ನು. ಆರಾಧನಾ ಸ್ವಾತಂತ್ರ್ಯವನ್ನು ಎಲ್ಲ ಕ್ರೈಸ್ತರಿಗೂ ಕೊಟ್ಟ ಆ ಸನ್ನದು ಕ್ಯಾಥೊಲಿಕರನ್ನು ಹೊರಗಿಟ್ಟಿತು. ಚರ್ಚಿಗೆ ತೆರಿಗೆಯ ಹಣ ಕೊಡುವ ಪದ್ಧತಿ ಮ್ಯಾಸಚೂಸೆಟ್ಸಿನಲ್ಲಿ ನಿಂತದ್ದು 1833ರಲ್ಲಿ.

— ಒಬ್ಬ ಓದುಗ