ಬಾನೆಟ್ ಒಳಗೆ ಚಾವಣಿ ಶೀಟ್ ಬೇಡ

ಮಾನ್ಯರೇ,

ಬಿಸಿಲು ಏರುತ್ತಿದ್ದಂತೆ ಚಿಕ್ಕಬಳ್ಳಾಪುರದ ಕಾರು ಆಕ್ಸೆಸರಿ ಅಂಗಡಿಗಳಲ್ಲಿ ‘ಹೀಟ್ ಪ್ರೂಫ್, ಸೌಂಡ್ ಪ್ರೂಫ್’ ಹೆಸರಿನಲ್ಲಿ ಬಾನೆಟ್ ಒಳಮೈಗೆ ಬೆಳ್ಳಿ ಬಣ್ಣದ ಶೀಟ್ ಅಂಟಿಸುವ ಕೆಲಸ ಜೋರಾಗಿದೆ. ಕೆಲಸವೇನೂ ತಪ್ಪಲ್ಲ, ಹಾಕುವ ಮಾಲು ತಪ್ಪು. ದುರಸ್ತಿಗೆ ಬರುವ ಕಾರುಗಳಲ್ಲಿ ಕಾಣುವುದು ಗೋದಾಮಿನ ಚಾವಣಿಗೆ ಹಾಕುವ ಪಾಲಿಥಿನ್ ಫೋಮ್, ಇಲ್ಲವೇ ತಾರಸಿ ಸೋರದಂತೆ ಅಂಟಿಸುವ ಡಾಂಬರು ಶೀಟ್. ಮೇಲೆ ಅಲ್ಯೂಮಿನಿಯಂ ಫಾಯಿಲ್ ಇರುವುದರಿಂದ ಗಿರಾಕಿಯ ಕಣ್ಣಿಗೆ ಎಲ್ಲವೂ ಒಂದೇ.

ಸಾಧಾರಣ ಡಾಂಬರು 50 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗತೊಡಗುತ್ತದೆ. ಒಂದು, ಎರಡನೇ ಗೇರಿನಲ್ಲಿ ನಂದಿ ಬೆಟ್ಟ ಹತ್ತಿದ ಕಾರನ್ನು ಮೇಲೆ ನಿಲ್ಲಿಸಿ ಆಫ್ ಮಾಡಿದಾಗ ನೀರಿನ ಪಂಪು ನಿಲ್ಲುತ್ತದೆ, ಎದುರು ಗಾಳಿಯೂ ಇರುವುದಿಲ್ಲ. ಇಂಜಿನ್ ಬಿಸಿಯೆಲ್ಲ ಮೇಲೇರಿ ಬಾನೆಟ್ಟಿಗೆ ಬಡಿಯುತ್ತದೆ. ಓಡುವಾಗ ಇರುವುದಕ್ಕಿಂತ ನಿಂತ ಮೇಲಿನ ಮೊದಲ ಕೆಲವು ನಿಮಿಷ ಅಲ್ಲಿ ಶಾಖ ಹೆಚ್ಚು. ಶೀಟ್ ಜೋಲುವುದು ಆಗಲೇ. ಜೋತ ಅಂಚು ಫ್ಯಾನ್ ಬೆಲ್ಟಿಗೆ ಸಿಕ್ಕಿಕೊಳ್ಳಬಹುದು, ಏರ್ ಫಿಲ್ಟರ್ ಬಾಯಿ ಮುಚ್ಚಬಹುದು. ಎಲ್ಲಕ್ಕಿಂತ ಅಪಾಯ, ಫಾಯಿಲ್ ವಿದ್ಯುತ್ ಹರಿಸುವ ಲೋಹ ಎನ್ನುವುದು. ಬ್ಯಾಟರಿಯ ಪ್ಲಸ್ ಟರ್ಮಿನಲ್ಲಿಗೂ ಬಾಡಿಗೂ ಒಟ್ಟಿಗೆ ತಗುಲಿದರೆ ಶಾರ್ಟ್ ಆಗಿ ಬೆಂಕಿಯೇ.

ಹಣ ಕೊಡುವ ಮೊದಲು ಯಾವುದಕ್ಕೆ ಎಂದು ತಿಳಿದಿರಲಿ. ಈ ಕೆಲಸದಿಂದ ಬಾನೆಟ್ಟಿನ ಬಣ್ಣ ಬಿಸಿಯಿಂದ ಉಳಿಯುತ್ತದೆ, ಡೀಸೆಲ್ ಇಂಜಿನ್ನಿನ ಕಟಕಟ ಸದ್ದು ಒಂದಷ್ಟು ತಗ್ಗುತ್ತದೆ, ತಗಡಿನ ನಡುಕ ನಿಲ್ಲುತ್ತದೆ. ಒಳಗೆ ಕೂತವರಿಗೆ ತಂಪು ಸಿಗುವುದಿಲ್ಲ. ಕಾಲಿಗೆ ಬಡಿಯುವ ಬಿಸಿ ಬರುವುದು ಡ್ಯಾಶ್‌ಬೋರ್ಡ್ ಹಿಂದಿನ ಫೈರ್‌ವಾಲ್‌ನಿಂದ (ಇಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ತಗಡಿನ ಗೋಡೆ), ತಲೆಗೆ ಬಡಿಯುವುದು ಗಾಜಿನಿಂದ. ಹೆದ್ದಾರಿಯಲ್ಲಿ ಕೇಳುವ ಭೋರ್ ಸದ್ದು ಬಹುಪಾಲು ಟೈರು, ಗಾಳಿಯದು. ಅದಕ್ಕೆ ಬಾನೆಟ್ಟಿನಲ್ಲಿ ಮದ್ದಿಲ್ಲ.

ಎಷ್ಟೋ ಮಾಡೆಲ್‌ಗಳಲ್ಲಿ ಮೇಲಿನ ವೇರಿಯಂಟಿಗೆ ಕಂಪನಿಯೇ ಬಾನೆಟ್ ಪ್ಯಾಡ್ ಕೊಡುತ್ತದೆ, ಕೆಳಗಿನದಕ್ಕೆ ಬರೀ ಕ್ಲಿಪ್ಪಿನ ತೂತು ಬಿಟ್ಟಿರುತ್ತದೆ. ಚಾಸಿಸ್ ನಂಬರ್ ಕೊಟ್ಟು ಸ್ಪೇರ್ ಪಾರ್ಟ್ಸ್ ಕೌಂಟರಿನಲ್ಲಿ ಕೇಳಿ. ಪ್ಯಾಡ್, ಕ್ಲಿಪ್ ಎರಡೂ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ, ಗೋಂದಿನ ರಗಳೆಯೂ ಇಲ್ಲ.

ಸಿಗದಿದ್ದರೆ ಎರಡು ಪದರ ಬೇಕು. ಮೊದಲನೆಯದು 2 ಮಿ.ಮೀ. ಬ್ಯುಟೈಲ್ ರಬ್ಬರ್ ಡ್ಯಾಂಪಿಂಗ್ ಶೀಟ್. ಇದು ತಗಡಿನ ನಡುಕ ಹಿಡಿಯುವುದಕ್ಕೆ. ಬಾನೆಟ್ ಪೂರ್ತಿ ಹೊದಿಸುವುದು ದಂಡ. ಬಾನೆಟ್ ಒಳಮೈಯ ಬಲಪಟ್ಟಿಗಳ ನಡುವಿನ ಬಯಲು ತಗಡಿನ ಮೂರನೇ ಒಂದರಿಂದ ಅರ್ಧ ಭಾಗ ಸಾಕು. ಬೆರಳಿನ ಗೆಣ್ಣಿನಿಂದ ಬಡಿದು ನೋಡಿ, ‘ಟಣ್’ ಎನ್ನುವ ಕಡೆ ಅಂಟಿಸಿ, ‘ಡಬ್’ ಎಂದರೆ ಬಿಡಿ. ಈ ಶೀಟ್ ಚದರ ಮೀಟರಿಗೆ ಸುಮಾರು 3 ಕೆ.ಜಿ. ತೂಗುತ್ತದೆ, ಬಾನೆಟ್ಟನ್ನು ಗ್ಯಾಸ್ ಸ್ಟ್ರಟ್ (ಗ್ಯಾಸ್ ತುಂಬಿದ ಆಸರೆ ಕೋಲು) ಎತ್ತಿ ನಿಲ್ಲಿಸುವ ಕಾರುಗಳಲ್ಲಿ ಅತಿಯಾದರೆ ತಲೆಯ ಮೇಲೆ ಇಳಿಯುತ್ತದೆ. ಅದರ ಮೇಲೆ ಹಾಕುವ ಎರಡನೆಯದು ನೈಟ್ರೈಲ್ ರಬ್ಬರ್ ಫೋಮ್, ಎಸಿಯ ತಾಮ್ರದ ಪೈಪಿಗೆ ಸುತ್ತುವ ಕಪ್ಪು ಮಾಲಿನ ಜಾತಿಯದು. ಸುಮಾರು 105 ಡಿಗ್ರಿವರೆಗೆ ತಾಳುತ್ತದೆ, ನೀರು ಕುಡಿಯುವುದಿಲ್ಲ. ಸೋಫಾದ ಸ್ಪಂಜು, ಹಳೇ ಕಂಬಳಿ, ಗೋಣಿ ಮುಟ್ಟಲೇಬೇಡಿ. ನೀರು, ಆಯಿಲ್ ಎರಡನ್ನೂ ಹೀರುತ್ತವೆ, ಇಲಿಗಂತೂ ಹಾಸಿಗೆ ಹಾಕಿಕೊಟ್ಟಂತೆ.

ದಪ್ಪ ಎಷ್ಟಿರಬೇಕೆಂದು ಊಹಿಸಬೇಡಿ, ಅಳೆಯಿರಿ. ಗಟ್ಟಿ ಚಪಾತಿ ಹಿಟ್ಟಿನ ಉಂಡೆಗಳನ್ನು ತೆಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಂಜಿನ್ ಕವರ್, ಬ್ಯಾಟರಿ, ಏರ್ ಫಿಲ್ಟರ್ ಬಾಕ್ಸ್ ಮೇಲಿಟ್ಟು ಬಾನೆಟ್ಟನ್ನು ಮೆಲ್ಲಗೆ ಒತ್ತಿ ಮುಚ್ಚಿ, ತೆಗೆಯಿರಿ. ಚಪ್ಪಟೆಯಾದ ಉಂಡೆಯ ದಪ್ಪವೇ ಅಲ್ಲಿರುವ ಜಾಗ. 20 ಮಿ.ಮೀ. ಬಂದರೆ ಇಂಜಿನ್ ಅಲುಗಾಟಕ್ಕೆ 12 ಬಿಡಿ. ಉಳಿದ 8ರಲ್ಲಿ 2 ಮಿ.ಮೀ. ಶೀಟ್, 6 ಮಿ.ಮೀ. ಫೋಮ್.

ಇಂಜಿನ್ ಪೂರ್ತಿ ತಣ್ಣಗಿರುವಾಗ ಕೆಲಸ ಹಿಡಿಯಿರಿ. ತಗಡನ್ನು ಸೋಪು ನೀರಿನಲ್ಲಿ ತೊಳೆದು ಒಣಗಿಸಿ, ಕೊನೆಗೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಸೀಮೆಎಣ್ಣೆಯಲ್ಲಿ ಒರೆಸಿದರೆ ಜಿಡ್ಡಿನ ಪದರ ಉಳಿದು ಅಂಟು ಹಿಡಿಯುವುದಿಲ್ಲ. ಶೀಟ್ ಬೀಳಲು ಇದೂ ಒಂದು ಕಾರಣ. ಹಳೇ ಪೇಪರಿನಲ್ಲಿ ಅಚ್ಚು ಕತ್ತರಿಸಿಕೊಂಡು ಶೀಟ್ ಕತ್ತರಿಸಿ. ಕೈಗವಸು ಇರಲಿ, ಬ್ಯುಟೈಲ್ ಶೀಟಿನ ಮೇಲಿನ ಫಾಯಿಲ್ ಅಂಚು ಬ್ಲೇಡಿನಷ್ಟು ಹರಿತ. ಬ್ಯುಟೈಲ್ ಮೇಲಿನ ಉಬ್ಬು ಚಿತ್ತಾರ ಅಳಿಸುವವರೆಗೆ ರೋಲರ್ ಒತ್ತಬೇಕು. ಬಾನೆಟ್ ಅಂಚಿನ ನೀರಿಳಿಯುವ ತೂತು, ವಾಷರ್ ಪೈಪು, ಲಾಕ್, ಕೀಲು ಮುಚ್ಚಬೇಡಿ. ತೂತು ಮುಚ್ಚಿದರೆ ಒಳಗಿಂದಲೇ ತುಕ್ಕು. ಗಾಳಿ ಹೋಗಲು ಬಾನೆಟ್ಟಿನಲ್ಲೇ ಕಿಂಡಿ ಇರುವ ಗಾಡಿಗಳಲ್ಲಿ ಆ ಜಾಗ ಪೂರ್ತಿ ಬಿಡಿ. ಹೊಗೆ ಸಾಗುವ, ವಿಪರೀತ ಕಾಯುವ ಟರ್ಬೊ, ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ಏನನ್ನೂ ಸುತ್ತಬೇಡಿ. ಒಂದು ವಾರದ ನಂತರ ಅಂಚು ಎದ್ದಿದೆಯೇ ನೋಡಿ.

ಕಾರಿನ ಒಳಾಂಗಣ ಸಾಮಗ್ರಿ ಉರಿಯುವ ವೇಗಕ್ಕೆ ಐಎಸ್ 15061 ಎಂಬ ಭಾರತೀಯ ಮಾನದಂಡವಿದೆ. ಇಂಜಿನ್ ನೆತ್ತಿಯ ಮೇಲೆ ಅದಕ್ಕಿಂತ ಕಳಪೆ ಮಾಲು ಸಲ್ಲದು. ಅಂಗಡಿಯವರು ಮಾಲಿನ ಹೆಸರನ್ನೂ ಅದು ತಾಳುವ ಶಾಖವನ್ನೂ ಬಿಲ್ಲಿನಲ್ಲಿ ಬರೆದುಕೊಡಲಿ. ಒಪ್ಪದಿದ್ದರೆ ಬೆರಳುದ್ದದ ತುಂಡು ಕೇಳಿ ಪಡೆದು, ಬಯಲಿನಲ್ಲಿ ಇಕ್ಕಳದಿಂದ ಹಿಡಿದು ಲೈಟರ್ ತಾಗಿಸಿ. ಲೈಟರ್ ತೆಗೆದ ಕೆಲವೇ ಸೆಕೆಂಡಿನಲ್ಲಿ ಆರಬೇಕು. ಉರಿಯುವ ಹನಿ ತೊಟ್ಟಿಕ್ಕಿದರೆ ಆ ಮಾಲು ಬೇಡ.

ಈಗಾಗಲೇ ಡಾಂಬರು ಶೀಟ್ ಹಾಕಿಸಿದವರು ಬೆಳಗಿನ ತಂಪಿನಲ್ಲೇ ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಹೆರೆದು ಕಿತ್ತು ತೆಗೆಸಿ. ಬಿಸಿಲೇರಿದ ಮೇಲೆ ಅದು ಅಂಟಂಟಾಗಿ ಬಣ್ಣಕ್ಕೆಲ್ಲ ಮೆತ್ತುತ್ತದೆ. ಉಳಿದ ಕಲೆಗೆ ಸೀಮೆಎಣ್ಣೆ ಸಾಕು, ಥಿನ್ನರ್ ಬೇಡ. ಅದು ಬಾನೆಟ್ ಬಣ್ಣವನ್ನೂ ಎಬ್ಬಿಸುತ್ತದೆ.

– ವಾಹನ ದುರಸ್ತಿ ಕಸುಬಿನವರು, ಚಿಕ್ಕಬಳ್ಳಾಪುರ