ಕುದುರೆ ಕೊಟ್ಟವನು ಕೋಡಂಗಿಯಾಗಬೇಕೆ?

ಮಾನ್ಯ ಸಂಪಾದಕರೇ,

ಆಷಾಢದಲ್ಲಿ ಮದುವೆಗಳಿಲ್ಲ, ಮಳೆಗೆ ಪ್ರವಾಸಿಗರೂ ಕಡಿಮೆ. ಆದ್ದರಿಂದ ಮೈಸೂರಿನಲ್ಲಿ ಟಾಂಗಾಕ್ಕೂ ಮೆರವಣಿಗೆಗೂ ಕುದುರೆ ಸಾಕಿಕೊಂಡಿರುವ ನನ್ನಂಥವರಿಗೆ ಈ ದಿನಗಳಲ್ಲಿ ಸಂಪಾದನೆ ನಿಲ್ಲುತ್ತದೆ, ಮೇವಿನ ಖರ್ಚು ಮಾತ್ರ ನಿಲ್ಲುವುದಿಲ್ಲ. ಹೀಗಾಗಿ ಕೆಲವರು ಕುದುರೆಯನ್ನು ಪರಿಚಯದವರ ತೋಟಕ್ಕೋ, ಸವಾರಿ ಕಲಿಸುವವರ ಲಾಯಕ್ಕೋ ಬಿಟ್ಟುಕೊಡುತ್ತಾರೆ. ‘ಮೇವು ನಿಮ್ಮದು, ಸವಾರಿಯೂ ನಿಮ್ಮದು, ದಸರೆಗೆ ಮುಂಚೆ ತಂದು ಕಟ್ಟಿ’ ಎಂಬ ಒಂದು ಮಾತಿನಲ್ಲಿ ವ್ಯವಹಾರ ಮುಗಿದುಹೋಗುತ್ತದೆ. ಹೀಗೆ ಕೊಟ್ಟ ಕುದುರೆ ಸೊರಗಿ ಮರಳಿದಾಗ ಮಾಲೀಕನ ಕೈಯಲ್ಲಿ ಯಾವ ಪುರಾವೆಯೂ ಇರುವುದಿಲ್ಲ ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಸಂಬಂಧಪಟ್ಟವರ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ.

ನಾನು ಪರಿಚಿತರೊಬ್ಬರಿಗೆ ಕೊಟ್ಟಿದ್ದ ಹೆಣ್ಣು ಕುದುರೆ ಮರಳಿ ಬಂದಾಗ ಅದರ ಪಕ್ಕೆಲುಬುಗಳನ್ನು ದೂರದಿಂದಲೇ ಎಣಿಸಬಹುದಾಗಿತ್ತು. ಸೊಂಟದ ಎಲುಬುಗಳು ಎದ್ದು ನಿಂತಿದ್ದವು. ಗೊರಸು ಲಾಳದ ಅಂಚನ್ನು ದಾಟಿ ಬೆಳೆದಿತ್ತು. ಆರರಿಂದ ಎಂಟು ವಾರಗಳಿಗೊಮ್ಮೆ ಬಿಚ್ಚಿ ಕಟ್ಟಬೇಕಾದ ಲಾಳವನ್ನು ಯಾರೂ ಮುಟ್ಟಿರಲಿಲ್ಲವೆಂದು ಹೇಳಲು ಅಷ್ಟು ಸಾಕಿತ್ತು. ಕತ್ತು ಬೆನ್ನಿಗೆ ಕೂಡುವಲ್ಲಿನ ಉಬ್ಬಿನ ಮೇಲೆ ನಿಂಬೆಹಣ್ಣಿನಷ್ಟು ಅಗಲದ ಗಾಯವಿತ್ತು, ಅದಕ್ಕೆ ನೊಣ ಮುತ್ತುತ್ತಿದ್ದವು. ಜೀನು ನಾನೇ ಕೊಟ್ಟಿದ್ದು, ಕೊಟ್ಟಾಗ ಅದು ಸರಿಯಾಗಿ ಕೂರುತ್ತಿತ್ತು. ಆದರೆ ಬೆನ್ನಿನ ಮಾಂಸ ಕರಗಿದ ಮೇಲೆ ಅದೇ ಜೀನು ಕೆಳಕ್ಕೆ ಜಾರಿ ನೇರವಾಗಿ ಎಲುಬಿನ ಮೇಲೆ ಕೂರುತ್ತದೆ. ಹೊಟ್ಟೆಗಿಲ್ಲದ ಕುದುರೆಯ ಮೇಲೆ ಸವಾರಿ ಮುಂದುವರಿದಿತ್ತು ಎನ್ನುವುದಕ್ಕೆ ಆ ಗಾಯವೇ ಸಾಕ್ಷಿ ಎಂದು ನಾನು ತಿಳಿಯುತ್ತೇನೆ.

ತಂದುಬಿಟ್ಟವರ ಉತ್ತರ ಸರಳವಾಗಿತ್ತು. ‘ತೋಟದಲ್ಲಿ ಹುಲ್ಲಿಗೇನು ಬರ? ನಿಮ್ಮ ಕುದುರೆ ಮೊದಲಿನಿಂದಲೂ ಸಣ್ಣಗೇ ಇತ್ತಲ್ಲ.’ ಎರಡನೆಯ ಮಾತಿಗೆ ಆಮೇಲೆ ಬರುತ್ತೇನೆ. ಮೊದಲನೆಯದು ತಿಳಿವಳಿಕೆಯ ಕೊರತೆ. ಅದನ್ನು ದುರುದ್ದೇಶ ಎನ್ನಲಾರೆ. ಕುದುರೆಗೆ ದಿನಕ್ಕೆ ತನ್ನ ತೂಕದ ಶೇ 1.5ರಿಂದ 2ರಷ್ಟು ಆಹಾರ ಬೇಕು, ಆದರೆ ಆ ಲೆಕ್ಕ ನೀರಿನಂಶ ಕಳೆದು ಉಳಿಯುವ ಒಣ ತೂಕದ್ದು. ಮಳೆಗಾಲದ ಎಳೆ ಹುಲ್ಲಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೀರೇ ಇರುವುದರಿಂದ, 250 ಕಿಲೋ ತೂಗುವ ಸಣ್ಣ ಟಾಂಗಾ ಕುದುರೆಗೂ ದಿನಕ್ಕೆ 20 ಕಿಲೋ ಹಸಿ ಹುಲ್ಲಾದರೂ ಬೇಕಾಗುತ್ತದೆ. ದಿನವೆಲ್ಲ ಸವಾರಿ ಮಾಡಿಸಿ ಸಂಜೆ ಒಂದು ಗಂಟೆ ಗೂಟಕ್ಕೆ ಕಟ್ಟಿ ಮೇಯಿಸಿದರೆ ಅದು ಎಲ್ಲಿಂದ ಬರಬೇಕು? ಬೇಯಿಸಿದ ಹುರುಳಿಯ ಮಾತಂತೂ ದೂರವೇ ಉಳಿಯಿತು.

ಇಂಥ ಸ್ಥಿತಿಯಲ್ಲಿ ಕುದುರೆ ಬಂದಾಗ ಜಗಳ ಬದಿಗಿರಲಿ, ಮೊದಲು ಪಶುವೈದ್ಯರನ್ನು ಕರೆಸಬೇಕು. ಕರುಳು ಚುರ್ರೆಂದು ಆ ಕ್ಷಣವೇ ಬಕೆಟ್ ತುಂಬ ಹುರುಳಿ, ಬೂಸಾ ಇಡುವವರೇ ಹೆಚ್ಚು. ಅದು ಪ್ರಾಣಕ್ಕೇ ಎರವಾಗಬಹುದು. ಬಹುಕಾಲ ಉಪವಾಸವಿದ್ದ ಕುದುರೆಗೆ ಒಮ್ಮೆಲೇ ಕಾಳು ಕೊಟ್ಟರೆ ರಕ್ತದಲ್ಲಿ ಇನ್ಸುಲಿನ್ ಏರಿ, ರಂಜಕ, ಮೆಗ್ನೀಸಿಯಂ ಮತ್ತು ಪೊಟ್ಯಾಸಿಯಂ ರಕ್ತದಿಂದ ಜೀವಕೋಶಗಳೊಳಗೆ ಸೇರಿಹೋಗುತ್ತವೆ. ಮೊದಲ ವಾರದಲ್ಲಿಯೇ ಹೃದಯ ಮತ್ತು ಉಸಿರಾಟ ಕೈಕೊಡುವುದುಂಟು. ಕುದುರೆಮಸಾಲೆ (ಲೂಸರ್ನ್) ಸೊಪ್ಪಿನ ಒಣ ಮೇವನ್ನು ಸ್ವಲ್ಪ ಸ್ವಲ್ಪವಾಗಿ, ನಾಲ್ಕು ಗಂಟೆಗೊಮ್ಮೆ ಎಂಬಂತೆ ಕೊಟ್ಟು, ವೈದ್ಯರ ಸಲಹೆಯಂತೆ ದಿನದಿನಕ್ಕೆ ಹೆಚ್ಚಿಸುತ್ತ ಹೋಗುವುದೇ ಸರಿಯಾದ ಕ್ರಮ. ಕಾಳಿನ ಸರದಿ ಬಹಳ ತಡವಾಗಿ ಬರಬೇಕು. ಕಳೆದುಕೊಂಡ ಮೈ ತುಂಬಿಕೊಳ್ಳಲು ತಿಂಗಳುಗಟ್ಟಲೆ ಬೇಕು. ಹೊರಗಿನಿಂದ ಬಂದ ಕುದುರೆಯನ್ನು ಮನೆಯ ಉಳಿದ ಕುದುರೆಗಳಿಂದ ಕೆಲ ದಿನ ಬೇರೆ ಕಟ್ಟುವುದೂ ಒಳ್ಳೆಯದು.

ವೈದ್ಯರನ್ನು ಕರೆಸುವುದಕ್ಕೆ ಇನ್ನೊಂದು ಕಾರಣವೂ ಇದೆ. ಕುದುರೆ ಸೊರಗಿದ್ದಕ್ಕೆಲ್ಲ ಒಯ್ದವರೇ ಹೊಣೆ ಎನ್ನಲಾಗುವುದಿಲ್ಲ. ಕುದುರೆಯ ದವಡೆ ಹಲ್ಲುಗಳು ಬೆಳೆಯುತ್ತ, ಸವೆಯುತ್ತ ಅಂಚು ಚೂಪಾಗಿ ಕೆನ್ನೆಗೆ ಚುಚ್ಚಿದರೆ ಮುಂದೆ ಎಷ್ಟು ಮೇವು ಹಾಕಿದರೂ ಅದು ಸರಿಯಾಗಿ ಅಗಿಯುವುದಿಲ್ಲ. ಜಂತುಹುಳುವಿನ ಬಾಧೆಯೂ ಇರಬಹುದು. ಬಾಯಿ ತೆರೆಸಿ ನೋಡಿ, ಲದ್ದಿ ಪರೀಕ್ಷೆ ಮಾಡಿಸಿ ವೈದ್ಯರು ಬರೆದುಕೊಡುವ ವರದಿಯು ಕೊಟ್ಟವರಿಗೂ ಪಡೆದವರಿಗೂ ಸಮಾನವಾಗಿ ಉಪಯೋಗಕ್ಕೆ ಬರುತ್ತದೆ. ಹಲ್ಲಿನ ತೊಂದರೆ ಎಂದು ತಿಳಿದ ಮೇಲೂ ಪಡೆದವರನ್ನು ದೂರುತ್ತ ಹೋಗುವುದು ನ್ಯಾಯವಲ್ಲ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯಲ್ಲಿ, ಒಬ್ಬರ ಸ್ವತ್ತನ್ನು ಇನ್ನೊಬ್ಬರ ವಶಕ್ಕೆ ಒಪ್ಪಿಸುವ ಅಧ್ಯಾಯಕ್ಕೆ ಕೊಟ್ಟಿರುವ ಉದಾಹರಣೆಗಳಲ್ಲಿ ಮತ್ತೆ ಮತ್ತೆ ಬರುವುದು ಕುದುರೆಯೇ. ಸಾಮಾನ್ಯ ವಿವೇಕವುಳ್ಳ ಮನುಷ್ಯ ತನ್ನದೇ ವಸ್ತುವನ್ನು ಹೇಗೆ ನೋಡಿಕೊಳ್ಳುತ್ತಾನೋ ಹಾಗೆ ನೋಡಿಕೊಳ್ಳಬೇಕು ಎಂದು 151ನೇ ಕಲಮು ಹೇಳುತ್ತದೆ. 154ನೇ ಕಲಮು ಇನ್ನೂ ಬಿಗಿಯಾಗಿದೆ: ನಿನ್ನೊಬ್ಬನ ಸವಾರಿಗೆ ಮಾತ್ರ ಎಂದು ಕೊಟ್ಟ ಕುದುರೆಯನ್ನು ಮನೆಯ ಇನ್ನೊಬ್ಬರಿಗೆ ಹತ್ತಲು ಬಿಟ್ಟರೆ, ಅವರು ಎಷ್ಟೇ ಎಚ್ಚರಿಕೆಯಿಂದ ಓಡಿಸಿದ್ದರೂ, ಕುದುರೆ ಆಕಸ್ಮಿಕವಾಗಿ ಬಿದ್ದು ಪೆಟ್ಟುಮಾಡಿಕೊಂಡರೆ ಪಡೆದವನೇ ಪರಿಹಾರ ಕೊಡಬೇಕು. ಕಲ್ಕತ್ತೆಯಿಂದ ಕಾಶಿಗೆಂದು ಬಾಡಿಗೆಗೆ ಪಡೆದ ಕುದುರೆಯನ್ನು ಕಟಕಕ್ಕೆ ಒಯ್ದವನ ಕಥೆಯೂ ಅಲ್ಲೇ ಇದೆ, ಅವನಿಗೂ ಬಿಡುಗಡೆಯಿಲ್ಲ. ಹಾಗೆಂದು ಮಾಲೀಕನನ್ನೂ ಕಾಯ್ದೆ ಸುಮ್ಮನೆ ಬಿಟ್ಟಿಲ್ಲ. ಕುದುರೆ ತುಂಟತನದ್ದು ಎಂದು ಗೊತ್ತಿದ್ದೂ ಹೇಳದೆ ಕೊಟ್ಟು, ಸವಾರ ಬಿದ್ದು ಗಾಯಗೊಂಡರೆ, 150ನೇ ಕಲಮಿನಂತೆ ಹೊಣೆ ಕೊಟ್ಟವನದು.

1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯಲ್ಲಿಯೂ ಒಂದು ಮುಖ್ಯ ಅಂಶವಿದೆ. ಪ್ರಾಣಿ ಆ ಹೊತ್ತಿಗೆ ಯಾರ ವಶದಲ್ಲಿದೆಯೋ ಅವರನ್ನೂ ಅದು ‘ಮಾಲೀಕ’ ಎಂದೇ ಎಣಿಸುತ್ತದೆ. ಆದ್ದರಿಂದ ‘ಕುದುರೆ ನನ್ನದಲ್ಲ’ ಎಂದು ಮೇವು ನೀರು ಕೊಡದಿರುವುದಕ್ಕೆ, ಗಾಯವಿದ್ದರೂ ದುಡಿಸುವುದಕ್ಕೆ ಯಾರಿಗೂ ಅವಕಾಶವಿಲ್ಲ. ಆದರೆ ಅದರ 11ನೇ ಕಲಮಿನಡಿ ಮೊದಲ ಅಪರಾಧಕ್ಕೆ ದಂಡ 10ರಿಂದ 50 ರೂಪಾಯಿ! ದಶಕಗಳ ಹಿಂದಿನ ಮೊತ್ತ ಇಂದಿಗೂ ಹಾಗೆಯೇ ಉಳಿದಿರುವಾಗ ಯಾರಿಗೆ ತಾನೇ ಅಂಜಿಕೆ? ಇದರಿಂದ ಮಾಲೀಕನಿಗೆ ಔಷಧದ ಖರ್ಚೂ ಹುಟ್ಟುವುದಿಲ್ಲ. ನಷ್ಟ ಭರ್ತಿಗೆ ಉಳಿಯುವುದು ಕರಾರು ಕಾಯ್ದೆಯ ದಾರಿಯೊಂದೇ.

ಆ ದಾರಿಯಲ್ಲಿ ಹೋಗುವವನಿಗೆ ಎದುರಾಗುವುದೇ ನಾನು ಆಗ ಬದಿಗಿಟ್ಟ ಎರಡನೆಯ ಮಾತು: ಮೊದಲಿನಿಂದಲೂ ಸಣ್ಣಗೇ ಇತ್ತು. ಕೊಡುವಾಗ ಕುದುರೆ ಚೆನ್ನಾಗಿತ್ತು, ಮರಳುವಾಗ ಕೆಟ್ಟಿತ್ತು ಎಂದು ತೋರಿಸಿಕೊಟ್ಟರೆ, ತಾನು ತಕ್ಕ ಆರೈಕೆ ಮಾಡಿದ್ದೆನೆಂದು ಸಾಬೀತುಪಡಿಸುವ ಭಾರ ಸಾಮಾನ್ಯವಾಗಿ ಪಡೆದವನ ಮೇಲೆ ಬೀಳುತ್ತದೆ. ತೋರಿಸಲಾಗದಿದ್ದರೆ ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ. ಹತ್ತಿರದವರಲ್ಲಿ ಕಾಗದ ಕೇಳುವುದು ಹೇಗೆಂಬ ಸಂಕೋಚ ನಮ್ಮಲ್ಲಿದೆ, ನಿಜ. ಆದರೆ ಬಾಡಿಗೆಗೆ ಮನೆ ಪಡೆಯುವಾಗ ಗೋಡೆಯ ಬಿರುಕಿನ ಫೋಟೊ ತೆಗೆದಿಟ್ಟುಕೊಳ್ಳುವ ನಾವು ಜೀವವಿರುವ ಪ್ರಾಣಿಯನ್ನು ಕೈದಾಟಿಸುವಾಗ ಏಕೆ ಹಿಂಜರಿಯುತ್ತೇವೋ ತಿಳಿಯದು.

ದಾಖಲೆ ಮಾಡುವುದು ಕಷ್ಟದ ಕೆಲಸವೇನಲ್ಲ. ಎದೆಯ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಭುಜದ ಮುಂತುದಿಯಿಂದ ಪೃಷ್ಠದ ಹಿಂತುದಿಯವರೆಗಿನ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕುದುರೆಯ ತೂಕ ಹೆಚ್ಚುಕಡಿಮೆ ಕಿಲೋಗ್ರಾಂಗಳಲ್ಲಿ ಸಿಗುತ್ತದೆ. ಅಳತೆಗಳು ಸೆಂಟಿಮೀಟರ್‌ನಲ್ಲಿರಬೇಕು, ದರ್ಜಿಯ ಟೇಪು ಸಾಕು. ಉದ್ದ 140, ಸುತ್ತಳತೆ 150 ಇದ್ದರೆ ತೂಕ ಸುಮಾರು 265 ಕಿಲೋ. ಮರಳುವಾಗ ಸುತ್ತಳತೆ 138ಕ್ಕೆ ಇಳಿದಿದ್ದರೆ ಅದು 225ರ ಆಸುಪಾಸಿಗೆ ಬಂದಿದೆಯೆಂದು ಅರ್ಥ. ನಲವತ್ತು ಕಿಲೋ ಇಳಿದಿರುವಾಗ ‘ಮೊದಲಿನಿಂದಲೂ ಸಣ್ಣಗೇ ಇತ್ತು’ ಎನ್ನಲು ಬಾಯಿ ಬರಲಾರದು. ಇದರ ಜೊತೆಗೆ ಮೈಕಟ್ಟಿಗೆ ಅಂಕ ಕೊಡುವ ಒಂದು ಪದ್ಧತಿಯೂ ಇದೆ. ಅಮೆರಿಕದ ಕುದುರೆ ತಜ್ಞ ಹೆನೆಕೆ 1983ರಲ್ಲಿ ರೂಪಿಸಿದ ಅದರಲ್ಲಿ ಕುತ್ತಿಗೆ, ಹೆಗಲಿನ ಉಬ್ಬು, ಭುಜದ ಹಿಂಬದಿ, ಪಕ್ಕೆ, ಬೆನ್ನು, ಬಾಲದ ಬುಡ ಈ ಆರು ಜಾಗಗಳನ್ನು ಕಣ್ಣಿನಿಂದ ನೋಡಿ, ಕೈಯಿಂದ ಒತ್ತಿ 1ರಿಂದ 9ರವರೆಗೆ ಅಂಕ ಕೊಡುತ್ತಾರೆ. 1 ಎಂದರೆ ಬರೀ ಎಲುಬು, 5 ಹದವಾದ ಮೈ. ತಿಳಿದವರು ಐದು ನಿಮಿಷದಲ್ಲಿ ಹೇಳಿಬಿಡುವ ಕೆಲಸವಿದು.

ಆದ್ದರಿಂದ ಪಶುಪಾಲನಾ ಮತ್ತು ಪಶುವೈದ್ಯ ಸೇವಾ ಇಲಾಖೆಯಲ್ಲಿ ನನ್ನ ವಿನಂತಿ ಇಷ್ಟೇ. ತೂಕ, ಮೈಕಟ್ಟಿನ ಅಂಕ, ಹಲ್ಲು, ಗೊರಸು, ಮೈಮೇಲಿನ ಗಾಯಗಳು, ಕೊನೆಯ ಬಾರಿ ಜಂತುಹುಳುವಿನ ಔಷಧ ಕೊಟ್ಟ ದಿನಾಂಕ, ಯಾರ ಸವಾರಿಗೆ, ದಿನಕ್ಕೆ ಎಷ್ಟು ಹೊತ್ತು, ಮೇವು ಮತ್ತು ಲಾಳದ ಖರ್ಚು ಯಾರದು ಎಂಬಿಷ್ಟನ್ನು ತುಂಬಬಹುದಾದ ಒಂದು ಪುಟದ ಕನ್ನಡ ನಮೂನೆಯನ್ನು ಪಶು ಆಸ್ಪತ್ರೆಗಳಲ್ಲಿ ಇರಿಸಬೇಕು. ಕುದುರೆ ಹೋಗುವ ದಿನವೂ ಮರಳುವ ದಿನವೂ ವೈದ್ಯರು ನೋಡಿ ಸಹಿ ಮಾಡಿಕೊಡುವ ವ್ಯವಸ್ಥೆಯಾಗಬೇಕು. ಇದಕ್ಕೆ ತಕ್ಕ ಶುಲ್ಕ ಕೊಡಲು ನಮ್ಮ ಅಭ್ಯಂತರವಿಲ್ಲ. ಟಾಂಗಾದವರು ಹೆಚ್ಚಾಗಿರುವ ಮೈಸೂರಿನಲ್ಲಿಯೇ ಇದನ್ನು ಆರಂಭಿಸಿದರೆ ಮುಂದಿನ ಆಷಾಢದೊಳಗೆ ನಮೂನೆ ಕೈಸೇರುತ್ತದೆ. ನನ್ನ ಕುದುರೆಯ ಬೆನ್ನಿನ ಗಾಯ ಮಾಯುವವರೆಗೆ ಅದಕ್ಕೆ ಜೀನು ಬಿಗಿಯುವಂತಿಲ್ಲವೆಂದು ವೈದ್ಯರು ಹೇಳಿರುವುದರಿಂದ ಈ ದಸರೆಯ ದುಡಿಮೆ ನನಗಂತೂ ಇಲ್ಲ.

ಇಂತಿ,
ಒಬ್ಬ ಕುದುರೆ ಮಾಲೀಕ, ಮೈಸೂರು