ಶೀರ್ಷಾಸನ ಆಮೇಲೆ ನೋಡೋಣ

ಚಿರಂಜೀವಿ ಪುಟ್ಟನಿಗೆ ಮೈಸೂರಿನಿಂದ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ನೀನು ಯೋಗ ಶುರು ಮಾಡಿದ್ದು ಖುಷಿ. ಆದರೆ ಮ್ಯಾಟ್ ಬಂದ ದಿನವೇ ಗೋಡೆಗೆ ಕಾಲು ಕೊಟ್ಟು ತಲೆಕೆಳಗಾಗಿ ನಿಂತ ಫೋಟೊ ಕಳಿಸಿದೆಯಲ್ಲ, ಅದಕ್ಕೇ ಈ ಪತ್ರ. ಶೀರ್ಷಾಸನದಲ್ಲಿ ಭಾರವನ್ನು ತೋಳು, ಭುಜ ಹೊರಬೇಕು, ಕತ್ತಲ್ಲ. ಆ ಬಲ ಬರುವುದಕ್ಕೆ ತಿಂಗಳುಗಳು ಬೇಕು. ಪಕ್ಕದಲ್ಲಿ ಗೊತ್ತಿರುವವರೂ ನಿಂತಿರಬೇಕು.

ಇಲ್ಲಿನ ಗೋಕುಲಂ ಬಡಾವಣೆಯಲ್ಲಿ ಯೋಗಗುರು ಪಟ್ಟಾಭಿ ಜೋಯಿಸರ ಪದ್ಧತಿ ಕಲಿಯಲು ದೇಶ ದೇಶಗಳಿಂದ ಜನ ಬರುತ್ತಾರೆ. ಒಂದು ಆಸನ ಹಿಡಿತಕ್ಕೆ ಬರುವ ತನಕ ಅಲ್ಲಿ ಮುಂದಿನದನ್ನು ಹೇಳಿಕೊಡುವುದಿಲ್ಲ. ವಿಮಾನ ಹತ್ತಿ ಬಂದವರೇ ಕಾಯುತ್ತಾರೆ, ನಿನಗೇನಪ್ಪಾ ಅವಸರ?

ಸದ್ಯಕ್ಕೆ ತಾಡಾಸನ, ವೃಕ್ಷಾಸನ, ತ್ರಿಕೋನಾಸನ, ಭುಜಂಗಾಸನ ಸಾಕು. ದಿನಕ್ಕೆ 20 ನಿಮಿಷ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾಡು. ಸಂಜೆಯಾದರೆ ಊಟವಾಗಿ 3–4 ಗಂಟೆ ಕಳೆದಿರಲಿ. ಮೂಗಿನಲ್ಲೇ ಉಸಿರಾಡು. ಮೇಲೇಳುವಾಗ ಉಸಿರು ಒಳಗೆ, ಬಗ್ಗುವಾಗ ಹೊರಗೆ. ಉಸಿರು ಕಟ್ಟಿತು ಅಂದರೆ ಮಿತಿ ಮೀರಿದೆ, ಒಂಚೂರು ಹಿಂದೆ ಬಾ. ಕನ್ನಡಿಗಿಂತ, ಫೋನಿಗಿಂತ ಇದನ್ನೇ ಜಾಸ್ತಿ ನಂಬು.

ಪದ್ಮಾಸನದ ವಿಷಯ ಮಾತ್ರ ಬಿಡಿಸಿ ಹೇಳುತ್ತೇನೆ. ಮಂಡಿ ಬಾಗಿಲಿನ ಕೀಲಿದ್ದ ಹಾಗೆ: ಮಡಚಬಹುದು, ತಿರುಚಬಾರದು. ಕಾಲು ತಿರುಗಬೇಕಾದದ್ದು ತೊಡೆ ಸೊಂಟಕ್ಕೆ ಸೇರುವ ಜಾಗದಲ್ಲಿ. ದಿನವಿಡೀ ಕುರ್ಚಿಯಲ್ಲಿ ಕೂರುವ ನಿನಗೆ ಅಲ್ಲಿ ಬಿಗಿ ಇದ್ದೇ ಇರುತ್ತದೆ. ಅದು ಸಡಿಲವಾಗದೆ ಪಾದವನ್ನು ಎಳೆದು ತೊಡೆ ಮೇಲಿಟ್ಟರೆ ಪೆಟ್ಟು ತಿನ್ನುವುದು ಮಂಡಿ. ಜಮಖಾನ ಮಡಚಿ ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಕೋ. ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಸ್ನಾಯು ಎಳೆದ ಹಾಗಾದರೆ ಪರವಾಗಿಲ್ಲ, ಕೀಲಿನೊಳಗೆ ಚುಚ್ಚಿದರೆ ಅಲ್ಲಿಗೇ ಬಿಡು.

ಕಾಲು ಚಾಚಿ ಕೂತು ಮುಂದಕ್ಕೆ ಬಗ್ಗುವ ಪಶ್ಚಿಮೋತ್ತಾನಾಸನದಲ್ಲಿ ಕೈ ಪಾದಕ್ಕೆ ಸಿಗಲಿಲ್ಲ ಎಂದು ಬೇಜಾರು ಮಾಡಿಕೊಂಡೆಯಂತೆ. ಮಂಡಿ ಸ್ವಲ್ಪ ಮಡಚು, ಪಾದಕ್ಕೆ ಟವೆಲ್ ಸುತ್ತಿ ಹಿಡಿದುಕೋ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರರು ಚಿಕ್ಕಂದಿನಲ್ಲಿ ಕಾಯಿಲೆ ಬಿದ್ದು ಬಿದ್ದು ಸೊರಗಿದ್ದರು. ಇಲ್ಲಿ ಮೈಸೂರಿನಲ್ಲಿ ಯೋಗ ಕಲಿಸುತ್ತಿದ್ದ ಭಾವ ಕೃಷ್ಣಮಾಚಾರ್ಯರ ಹತ್ತಿರ ಕಲಿಯಲು ಶುರು ಮಾಡಿದಾಗ ಅವರಿಗೂ ಬಗ್ಗಿದರೆ ಕೈ ಪಾದಕ್ಕೆ ಸಿಗುತ್ತಿರಲಿಲ್ಲ. ಮುಂದೆ ಬೆಲ್ಟು, ಇಟ್ಟಿಗೆಯಾಕಾರದ ಮರದ ತುಂಡು, ಕುರ್ಚಿ ಎಲ್ಲ ಬಳಸಿ ಕಲಿಸಿದವರು ಅವರೇ. ಹಾಗಾಗಿ ಟವೆಲ್ಲಿಗೆ ನಾಚಿಕೆ ಬೇಡ.

ಕೊನೆಗೆ ಶವಾಸನ ತಪ್ಪಿಸಬೇಡ. ಐದು ನಿಮಿಷವಾದರೂ ಸುಮ್ನೆ ಮಲಗು. ಫೋನು ಇನ್ನೊಂದು ರೂಮಿನಲ್ಲಿರಲಿ.

ನಿಮ್ಮ ಏರಿಯಾದಲ್ಲೇ ಒಬ್ಬ ಮೇಷ್ಟ್ರನ್ನು ಹುಡುಕು. ಮೊದಲ ದಿನವೇ ನಿನ್ನ ಬೆನ್ನುನೋವಿನ ಬಗ್ಗೆ ಕೇಳದವರ ಹತ್ತಿರ ಹೋಗಬೇಡ. ದಸರಾ ರಜೆಗೆ ಬರುತ್ತೀಯಲ್ಲ, ಆಗ ನಿನ್ನ ತ್ರಿಕೋನಾಸನ ನೋಡುತ್ತೇನೆ. ದೊಡ್ಡಮ್ಮ ಚಟ್ನಿಪುಡಿ ಕಳಿಸಿದ್ದಾಳೆ, ತಲುಪಿದ ಮೇಲೆ ಅವಳಿಗೊಂದು ಫೋನ್ ಮಾಡು.

ಇಂತಿ,
ನಿನ್ನ ದೊಡ್ಡಪ್ಪ